ಗಾಳಿ ಎಳೆಯುವ ಸದ್ದು: ನನ್ನ ಎಫ್‌ಆರ್-ಎಸ್ ಕಾರಿನ ಇನ್‌ಟೇಕ್ ಕೆಲಸ

ನನ್ನ ಹತ್ತಿರ 2014ರ ಸಯಾನ್ ಎಫ್‌ಆರ್-ಎಸ್ ಇದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು, ಮ್ಯಾನುಯಲ್ ಗೇರ್. ಟೊಯೋಟಾ 86 ಅಂತ ಬೇರೆ ಕಡೆ ಮಾರಿದ್ದೂ ಇದೇ ಕಾರು, ಅಮೆರಿಕದಲ್ಲಿ ಸಯಾನ್ ಹೆಸರಿನಲ್ಲಿ ಬಂತು. ಸುಬಾರು ಬಿಆರ್‌ಝಡ್ ಇದರ ಜೋಡಿ ಕಾರು. ನಾನು ಮೈಸೂರಿನವನು, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಇಷ್ಟು ಚೆನ್ನಾಗಿ ತಿರುವಿಗೆ ಬೀಳುವ ಕಾರು ಕೇಳಲು ಮಾತ್ರ ಉಪ್ಪಿಲ್ಲದ ಸಾರಿನ ಹಾಗಿತ್ತು. ಅದನ್ನು ಸರಿ ಮಾಡಿದ್ದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ. ಇದೇ ಕಾರು ಇದ್ದವರು ಹಾಗೇ ಮಾಡಬಹುದು. ಬೇರೆ ಕಾರು ಇದ್ದವರಿಗೂ ಕ್ರಮ ಇದೇ, ಪೈಪಿನ ಜಾಗ ಮಾತ್ರ ಬೇರೆ ಇರುತ್ತದೆ.

ಸದ್ದು ಅಂದ ತಕ್ಷಣ ಎಲ್ಲರೂ ಸೈಲೆನ್ಸರ್ ಕಡೆ ಓಡುತ್ತಾರೆ. ನಾನು ಹೋಗಲಿಲ್ಲ. ಸೈಲೆನ್ಸರ್ ಸದ್ದು ಬೆಳಿಗ್ಗೆ ಆರು ಗಂಟೆಗೆ ಸ್ಟಾರ್ಟ್ ಮಾಡಿದಾಗಲೂ ಅಷ್ಟೇ ಇರುತ್ತದೆ. ಪಕ್ಕದ ಮನೆಯಲ್ಲಿ ಎಳೆ ಮಗು ಇದೆ. ಇನ್‌ಟೇಕ್, ಅಂದರೆ ಎಂಜಿನ್ ಗಾಳಿ ಎಳೆಯುವ ದಾರಿ, ಅದರ ಸದ್ದು ಹಾಗಲ್ಲ. ಥ್ರಾಟಲ್ ಅಂದರೆ ಎಂಜಿನ್ನಿಗೆ ಹೋಗುವ ಗಾಳಿಗೆ ಇರುವ ತಗಡಿನ ಬಾಗಿಲು. ಅದು ಮುಚ್ಚಿದ್ದಾಗ ಸದ್ದನ್ನು ತಡೆಯುತ್ತದೆ. ಕಾಲು ಒತ್ತಿ ಬಾಗಿಲು ತೆರೆದಾಗ ಮಾತ್ರ ಎಂಜಿನ್ನಿನ ಬಾಯಿ ತೆರೆದ ಹಾಗೆ. ಸುಮ್ನೆ ಬೀದಿಯಲ್ಲಿ ಹೋಗುವಾಗ ಕಾರು ಸಾಧು, ಖಾಲಿ ರಸ್ತೆಯಲ್ಲಿ ಒತ್ತಿದಾಗ ನಮಗಾಗಿ ಹಾಡುತ್ತದೆ. ನನಗೆ ಬೇಕಾಗಿದ್ದು ಅಷ್ಟೇ.

ಸದ್ದು ಎಲ್ಲಿಂದ ಬರುತ್ತದೆ ಅಂತ ಮೊದಲು ತಿಳಿದುಕೊಂಡರೆ ದುಡ್ಡು ಉಳಿಯುತ್ತದೆ. ಒಳಗೆ ಗಾಳಿ ಒಂದೇ ಸಮನೆ ಹರಿಯುವುದಿಲ್ಲ. ಪ್ರತಿ ಸಲ ಇನ್‌ಟೇಕ್ ವಾಲ್ವ್ ತೆರೆದಾಗ ಒಂದು ಗುಟುಕು. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಎರಡು ಗುಟುಕು. 6000 ಆರ್‌ಪಿಎಂ ಅಂದರೆ ಸೆಕೆಂಡಿಗೆ 100 ಸುತ್ತು, 200 ಗುಟುಕು. ಅದೇ 200 ಹರ್ಟ್ಸ್ ಸ್ವರ. ಈ ಗುಟುಕುಗಳು ಪೈಪಿನಲ್ಲಿ ಹಿಂದಕ್ಕೆ ಬಡಿಯುತ್ತಾ ಫಿಲ್ಟರ್ ಡಬ್ಬದ ಬಾಯಿಂದ ಹೊರಗೆ ಬರುತ್ತವೆ.

ಕಂಪನಿಯವರು ಅದನ್ನು ಅಡಗಿಸಲು ಪೈಪಿನ ಪಕ್ಕಕ್ಕೆ ರೆಸೊನೇಟರ್ ಅನ್ನುವ, ಒಂದೇ ಬಾಯಿ ಇರುವ ಡಬ್ಬಿ ಅಂಟಿಸಿರುತ್ತಾರೆ. ಖಾಲಿ ಸೀಸೆಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಇದೂ ಅಂಥದ್ದೇ ಸೀಸೆ. ಅದು ತನ್ನ ಸ್ವರವನ್ನು ತಾನೇ ನುಂಗಿಬಿಡುತ್ತದೆ. ಹಾಗಾಗಿ ಸದ್ದು ಇರುವುದು ಫಿಲ್ಟರಿನಲ್ಲಿ ಅಲ್ಲ, ಪೈಪಿನ ಆಕಾರದಲ್ಲಿ. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ನನಗೆ ಒಂದು ಬೇಸಿಗೆ ಉಳಿಯುತ್ತಿತ್ತು.

ಈ ಕಾರಿನಲ್ಲಿ ಇನ್ನೊಂದು ವಿಶೇಷ ಇದೆ. ಬಾನೆಟ್ ಎತ್ತಿ ನೋಡಿ. ಫಿಲ್ಟರ್ ಡಬ್ಬಕ್ಕೂ ಥ್ರಾಟಲ್‌ಗೂ ನಡುವಿನ ಪೈಪಿನಿಂದ ಒಂದು ಕವಲು ಹೊರಟು ಕ್ಯಾಬಿನ್ ಗೋಡೆಯ ಕಡೆ ಹೋಗುತ್ತದೆ. ಅದು ಸೌಂಡ್ ಕ್ರಿಯೇಟರ್. ನಡುವೆ ಒಂದು ಪೊರೆ ಇದೆ. ಗಾಳಿ ಅದನ್ನು ದಾಟುವುದಿಲ್ಲ, ಆದರೆ ಗುಟುಕಿಗೆ ಪೊರೆ ತಮಟೆಯ ಹಾಗೆ ಅದುರಿ ಆ ಸದ್ದನ್ನು ಡ್ಯಾಶ್‌ಬೋರ್ಡ್ ಹಿಂದಕ್ಕೆ ಸಾಗಿಸುತ್ತದೆ. ಲೆಕ್ಸಸ್ ಎಲ್‌ಎಫ್‌ಎ ಕಾರಿಗೂ ಟೊಯೋಟಾ ಹೀಗೇ ಇನ್‌ಟೇಕ್ ಸದ್ದನ್ನು ಕ್ಯಾಬಿನ್ನಿಗೆ ತಂದಿತ್ತು, ಆ ಸ್ವರ ಕೂಡಿಸಿದ್ದು ಯಮಹಾ. 4.8 ಲೀಟರ್ ವಿ10, ಬರೀ 500 ಕಾರು. ನಮ್ಮದು 2 ಲೀಟರಿನ, 200 ಕುದುರೆ ಶಕ್ತಿಯ ಬಾಕ್ಸರ್ ಎಂಜಿನ್. ಆದರೂ ಇದರ ಸದ್ದಿನ ಬಗ್ಗೆ ಯಾರೋ ಕೂತು ಯೋಚನೆ ಮಾಡಿದ್ದಾರಲ್ಲ ಅಂತ ನನಗೆ ತುಂಬಾ ಸಂತೋಷ. ಆಮೇಲೆ ಬಂದ ಜಿಆರ್86ರಲ್ಲಿ ಇದೇ ಕೆಲಸಕ್ಕೆ ಸ್ಪೀಕರ್ ಬಳಸಿದ್ದಾರೆ. ನನಗೆ ಪೈಪೇ ಇಷ್ಟ.

ಕೆಲಸಕ್ಕೆ ಮುಂಚೆ ಇರುವ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕಿವಿಗೆ ನೆನಪು ಕಡಿಮೆ. ದುಡ್ಡು ಕೊಟ್ಟು ತಂದ ಸಾಮಾನು ಹಾಕಿದ ಮೇಲಂತೂ ಕಿವಿ ಸುಳ್ಳೇ ಹೇಳುತ್ತದೆ. ನಾನು ಫೋನನ್ನು ಪಕ್ಕದ ಸೀಟಿನ ತಲೆದಿಂಬಿಗೆ ಟೇಪ್ ಹಾಕಿ ಕಟ್ಟಿದೆ. ಎರಡನೇ ಗೇರ್, ಫ್ರೀವೇ ಹತ್ತುವ ರ‍್ಯಾಂಪ್, 3000ದಿಂದ 6500ರವರೆಗೆ ಪೂರ್ತಿ ಥ್ರಾಟಲ್. ಒಮ್ಮೆ ಕಿಟಕಿ ಮುಚ್ಚಿ, ಒಮ್ಮೆ ಇಳಿಸಿ. ಪ್ರತಿ ಬದಲಾವಣೆ ಆದ ಮೇಲೂ ಅದೇ ರ‍್ಯಾಂಪ್, ಅದೇ ಗೇರ್. ಎರಡನೇ ಗೇರ್ ಯಾಕೆ ಅಂದರೆ 6500ಕ್ಕೆ ಹೋದರೂ ಫ್ರೀವೇ ವೇಗದ ಮಿತಿಯೊಳಗೇ ಇರುತ್ತೇವೆ.

ಬೇಕಾಗುವ ಸಾಮಾನು ಕಡಿಮೆ. 10 ಎಂಎಂ ಸಾಕೆಟ್, ಉದ್ದದ ಎಕ್ಸ್‌ಟೆನ್ಷನ್, ಸ್ಕ್ರೂ ಡ್ರೈವರ್, ಟಾರ್ಚ್, ಒಗೆದ ಬನಿಯನ್ ಬಟ್ಟೆ. ಬಿಚ್ಚಿದ ಸ್ಕ್ರೂ ಹಾಕಿಡಲು ಒಂದು ಸ್ಟೀಲ್ ತಟ್ಟೆ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಕೀ ಆಫ್ ಇರಬೇಕು.

ಮೊದಲು ಫಿಲ್ಟರ್. ಡಬ್ಬದ ಕ್ಲಿಪ್ ಬಿಡಿಸಿ ಮುಚ್ಚಳ ಎತ್ತಿ. ಮುಚ್ಚಳಕ್ಕೆ ಮಾಫ್ ಸೆನ್ಸರಿನ (ಒಳಗೆ ಹೋಗುವ ಗಾಳಿ ಎಷ್ಟು ಅಂತ ಅಳೆಯುವ ಸೆನ್ಸರ್) ವೈರ್ ಇದೆ, ಜಗ್ಗಬೇಡಿ. ಹಳೆ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿ. ನನ್ನದರ ಮಡಿಕೆಗಳಲ್ಲಿ ಒಣ ಎಲೆ, ಸತ್ತ ಜೇನುನೊಣ, ಕಪ್ಪು ಮಣ್ಣು ಎಲ್ಲ ಇತ್ತು. ಅದೇ ಡಬ್ಬಕ್ಕೆ ಕೂರುವ ಒಣ ಫಿಲ್ಟರ್ ತೆಗೆದುಕೊಳ್ಳಿ. ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರೂ ಸಿಗುತ್ತದೆ. ಆದರೆ ಎಣ್ಣೆ ಜಾಸ್ತಿ ಆದರೆ ಹಾರಿ ಸೆನ್ಸರಿನ ತಂತಿಗೆ ಅಂಟುತ್ತದೆ. ಆಗ ಕಂಪ್ಯೂಟರಿಗೆ ಗಾಳಿಯ ಲೆಕ್ಕ ತಪ್ಪುತ್ತದೆ. ಸೆನ್ಸರ್ ತೊಳೆಯಬೇಕಾದರೆ ಅದಕ್ಕಂತಲೇ ಇರುವ ಮಾಫ್ ಕ್ಲೀನರ್ ಸ್ಪ್ರೇ ಮಾತ್ರ, ಬೆರಳು ತಾಗಿಸಬಾರದು.

ಫಿಲ್ಟರ್ ಹಾಕಿ ಓಡಿಸಿ ನೋಡಿದೆ. ಎರಡು ರೆಕಾರ್ಡಿಂಗ್ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಇದೆ ಅಂತ ಹೇಳಬಹುದು, ಅಷ್ಟೇ. ನಿಜವಾದ ಸದ್ದು ಬಂದಿದ್ದು ಪೈಪಿನಿಂದ.

ಕಂಪನಿಯ ಪೈಪ್ ಕೈಯಲ್ಲಿ ಹಿಡಿದರೆ ತಕ್ಷಣ ಗೊತ್ತಾಗುತ್ತದೆ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ, ಪಕ್ಕಕ್ಕೆ ರೆಸೊನೇಟರ್ ಡಬ್ಬಿ. ಇದರ ಬದಲು ಒಳಗೆ ನುಣುಪಾಗಿರುವ ಸಿಲಿಕೋನ್ ಪೈಪ್ ಹಾಕಿದೆ. ತೆಗೆದುಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಸೌಂಡ್ ಕ್ರಿಯೇಟರ್ ಕವಲಿಗೂ ಎಂಜಿನ್ನಿನಿಂದ ಬರುವ ಬ್ರೀದರ್ ಪೈಪಿಗೂ ಜಾಗ ಇರಬೇಕು. ಇನ್ನೊಂದು, ಮಾಫ್ ಸೆನ್ಸರ್ ಕೂತಿರುವ ಮುಚ್ಚಳ ಕಂಪನಿಯದೇ ಉಳಿಯಬೇಕು. ಸೆನ್ಸರ್ ಸುತ್ತಲಿನ ಕೊಳವೆಯ ಅಗಲ ಬದಲಾದರೆ ಕಂಪ್ಯೂಟರಿನ ಲೆಕ್ಕವೇ ಬದಲಾಗುತ್ತದೆ, ಆಮೇಲೆ ಕಂಪ್ಯೂಟರನ್ನು ಹೊಸದಾಗಿ ಟ್ಯೂನ್ ಮಾಡಿಸಬೇಕು. ಬರೀ ಸದ್ದಿಗೋಸ್ಕರ ಅಷ್ಟು ದೂರ ಹೋಗುವುದು ಬೇಡ.

ಎರಡು ಕಡೆಯ ಕ್ಲಾಂಪ್ ಸಡಿಲ ಮಾಡಿ, ಬ್ರೀದರ್ ಪೈಪ್ ಬಿಡಿಸಿ, ಕವಲು ಬಿಡಿಸಿ. ಪೈಪ್ ಎಳೆಯುವ ಮುಂಚೆ ಫೋಟೋ ತೆಗೆದುಕೊಳ್ಳಿ. ತೆಗೆದ ಕೂಡಲೇ ಥ್ರಾಟಲ್ ಬಾಯಿಗೆ ಬಟ್ಟೆ ತುರುಕಿ. ಅಲ್ಲಿ ಒಂದು ವಾಷರ್ ಬಿದ್ದರೂ ಎಂಜಿನ್ ಬಿಚ್ಚುವ ಕೆಲಸ. ಹೊಸ ಪೈಪಿನ ಒಳಗೆ ಒಂದು ಸಲ ಒರೆಸಿ. ಹೊಸದರ ಒಳಗೂ ಧೂಳು ಇರುತ್ತದೆ, ಅದು ಫಿಲ್ಟರ್ ದಾಟಿದ ಜಾಗ, ನೇರ ಎಂಜಿನ್ನಿಗೇ ಹೋಗುತ್ತದೆ. ಕೂರಿಸಲು ಬಿಗಿಯಾದರೆ ಅಂಚಿಗೆ ಒಂದು ಹನಿ ಸೋಪು ನೀರು ಸಾಕು, ಎಣ್ಣೆ ಹಚ್ಚಬೇಡಿ. ಬಟ್ಟೆ ತೆಗೆಯಲು ಮರೆಯಬೇಡಿ. ನಾನು ಅದರ ತುದಿಯನ್ನು ಕಾರಿನ ಕೀಗೆ ದಾರದಿಂದ ಕಟ್ಟಿರುತ್ತೇನೆ. ಆಗ ಬಟ್ಟೆ ತೆಗೆಯದೆ ಕೀ ಕೈಗೆ ಸಿಗುವುದಿಲ್ಲ.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಥ್ರಾಟಲ್ ಕಡೆ ಪೈಪಿನ ಕೆಳ ಅಂಚು ಪೂರ್ತಿ ಕೂತಿರಲಿಲ್ಲ. ಮೇಲಿನಿಂದ ನೋಡಿದರೆ ಕ್ಲಾಂಪ್ ಬಿಗಿಯಾಗಿಯೇ ಕಾಣುತ್ತಿತ್ತು. ಸ್ಟಾರ್ಟ್ ಮಾಡಿದೆ. ಐಡ್ಲಿಂಗ್‌ನಲ್ಲಿ ಆರ್‌ಪಿಎಂ ಏರುತ್ತಿತ್ತು, ಇಳಿಯುತ್ತಿತ್ತು. ಮಾರನೇ ದಿನ ಚೆಕ್ ಎಂಜಿನ್ ದೀಪ. ಓಬಿಡಿ ರೀಡರ್ (ಕಾರಿನ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡ್ ಓದುವ ಯಂತ್ರ) ಹಾಕಿದರೆ ಪಿ0171, ಅಂದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿ. ಸೆನ್ಸರ್ ಲೆಕ್ಕ ಹಾಕದ ಗಾಳಿ ಆ ಸಂದಿಯಿಂದ ಒಳಗೆ ನುಗ್ಗುತ್ತಿತ್ತು.

ಅವತ್ತು ರಾತ್ರಿ ಮೈಸೂರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೆ ಐಡ್ಲಿಂಗ್ ಸದ್ದು ಕೇಳಿಸಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್ ಬೈಕ್ ಅವರ ಹತ್ತಿರ ಇವತ್ತಿಗೂ ಇದೆ. ಚಿಕ್ಕವನಿದ್ದಾಗ ಅದರ ಪ್ಲಗ್ ಬಿಚ್ಚಿ ನನ್ನ ಕೈಗೆ ಕೊಟ್ಟು ಬಣ್ಣ ನೋಡಲು ಕಲಿಸಿದ್ದು ಅವರೇ. ಕಾಫಿಪುಡಿ ಬಣ್ಣ ಇದ್ದರೆ ಸರಿ, ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಗಾಳಿ ಜಾಸ್ತಿ. ಒಂದು ನಿಮಿಷ ಕೇಳಿ, “ಎಲ್ಲೋ ಗಾಳಿ ಕುಡೀತಾ ಇದೆ ಕಣಪ್ಪಾ, ಕೆಳಗಡೆ ಕೈ ಹಾಕಿ ನೋಡು” ಅಂದರು. ಟಾರ್ಚ್ ಹಿಡಿದು ಕೆಳಗಿನಿಂದ ಬೆರಳು ಆಡಿಸಿದೆ. ಉಗುರು ಹೋಗುವಷ್ಟು ಸಂದಿ ಸಿಕ್ಕಿತು. ಕ್ಲಾಂಪ್ ಸಡಿಲಿಸಿ, ಪೈಪ್ ತಿರುಗಿಸಿ ಒಳಗೆ ತಳ್ಳಿ ಮತ್ತೆ ಬಿಗಿ ಮಾಡಿದೆ. ಕೋಡ್ ಅಳಿಸಿದ ಮೇಲೆ ಮತ್ತೆ ಬರಲಿಲ್ಲ. ಹಾಗಾಗಿ ಕಣ್ಣನ್ನು ನಂಬಬೇಡಿ, ಅಂಚಿನ ಸುತ್ತ ಬೆರಳು ಆಡಿಸಿ. ರೀಡರಿನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ, ಸೊನ್ನೆಯ ಆಚೀಚೆ ಶೇಕಡಾ 5ರೊಳಗೆ ಇದ್ದರೆ ನೆಮ್ಮದಿಯಾಗಿರಿ.

ಇನ್ನು ಸೌಂಡ್ ಕ್ರಿಯೇಟರ್ ಇಡುವುದಾ, ತೆಗೆಯುವುದಾ? ಸಿಲಿಕೋನ್ ಪೈಪಿನ ಜೊತೆ ಕವಲಿಗೆ ಹಾಕಲು ಒಂದು ಮುಚ್ಚಳವೂ ಬಂದಿತ್ತು. ಒಂದು ವಾರ ಮುಚ್ಚಿ ಓಡಿಸಿದೆ, ಒಂದು ವಾರ ತೆರೆದು ಓಡಿಸಿದೆ. ಮುಚ್ಚಿದಾಗ ಕ್ಯಾಬಿನ್ನಿನಲ್ಲಿ ಗುಂಯ್‌ಗುಟ್ಟುವುದು ಕಡಿಮೆ, ಸದ್ದು ಮುಂದಿನಿಂದ, ದೂರದಿಂದ ಬಂದ ಹಾಗೆ. ತೆರೆದಾಗ 4500 ದಾಟಿದ ಮೇಲೆ ಡ್ಯಾಶ್‌ಬೋರ್ಡ್ ಹಿಂದಿನಿಂದ ಒಂದು ಗಡಸು ಕೂಗು ಏಳುತ್ತದೆ. ಹೊಸ ಪೈಪಿನಲ್ಲಿ ನುಂಗುವ ಡಬ್ಬಿ ಇಲ್ಲವಲ್ಲ, ಪೊರೆಗೆ ಈಗ ಪೂರ್ತಿ ಗುಟುಕು ತಾಗುತ್ತದೆ. ನಾನು ತೆರೆದೇ ಇಟ್ಟೆ. ದಿನಾ ಫ್ರೀವೇಯಲ್ಲಿ ಗಂಟೆಗಟ್ಟಲೆ ಓಡಿಸುವವರು ಮುಚ್ಚುವುದೇ ಒಳ್ಳೆಯದು.

ಡಬ್ಬವನ್ನೇ ಕಿತ್ತು ಬರೀ ಕೋನ್ ಫಿಲ್ಟರ್ ಹಾಕಿದರೆ ಸದ್ದು ಇನ್ನೂ ಜೋರು, ನಿಜ. ಗೆಳೆಯನೊಬ್ಬನ ಇದೇ ಕಾರಿನಲ್ಲಿ ಹಾಗೆ ಮಾಡಿದ್ದಾರೆ. ಇಬ್ಬರೂ ಒಂದೇ ಮಧ್ಯಾಹ್ನ ಸಿಗ್ನಲ್‌ಗಳ ರಸ್ತೆಯಲ್ಲಿ ರೀಡರ್ ಹಾಕಿಕೊಂಡು ಓಡಿಸಿದೆವು. ಹೊರಗೆ 27 ಡಿಗ್ರಿ. ನನ್ನ ಕಾರಿನ ಒಳಗೆ ಹೋಗುವ ಗಾಳಿ 38, ಅವನದು 55. ಕೋನ್ ಕುಡಿಯುತ್ತಿದ್ದದ್ದು ರೇಡಿಯೇಟರ್ ಹಿಂದಿನ ಬಿಸಿಗಾಳಿ. ಬಿಸಿಗಾಳಿ ತೆಳು, ಶಕ್ತಿ ಕಡಿಮೆ. ಈ ಎಂಜಿನ್ನಿನ ಕಂಪ್ರೆಷನ್ 12.5ಕ್ಕೆ 1, ಬಿಸಿಗಾಳಿಗೆ ನಾಕ್ (ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಆಗುವ ಭಯಕ್ಕೆ ಕಂಪ್ಯೂಟರ್ ಕಿಡಿ ಹಾರುವ ಟೈಮಿಂಗನ್ನೂ ಹಿಂದಕ್ಕೆ ಎಳೆಯುತ್ತದೆ. ಕಂಪನಿಯ ಡಬ್ಬ ಮೂತಿ ಮುಂದಕ್ಕಿಟ್ಟು ತಣ್ಣನೆ ಗಾಳಿ ಎಳೆಯುತ್ತದೆ. ಅದನ್ನು ಬಿಡಬೇಡಿ.

ಶಕ್ತಿ ಜಾಸ್ತಿ ಆಯ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಈ ಕಾರಿಗೆ 3500ರಿಂದ 4500ರ ನಡುವೆ ಎಳೆತ ಬೀಳುವ ಒಂದು ಗುಂಡಿ ಇದೆ, ಅದು ಇನ್‌ಟೇಕ್ ಪೈಪಿಗೆ ತುಂಬುವುದಿಲ್ಲ. ಅದಕ್ಕೆ ಹೆಡರ್ (ಎಂಜಿನ್ನಿನಿಂದ ಹೊಗೆ ಹೊರಡುವ ಪೈಪುಗಳು), ಟ್ಯೂನ್ ಎಲ್ಲ ಬೇಕು.

ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಕಾನೂನಿನ ಮಾತು. ನನ್ನ ಕಾರಿನ ವಯಸ್ಸಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್, ಅಂದರೆ ಹೊಗೆ ತಪಾಸಣೆ, ಇದೆ. ಅಲ್ಲಿ ಬಾನೆಟ್ ಎತ್ತಿ ಕಣ್ಣಿನಿಂದಲೂ ನೋಡುತ್ತಾರೆ. ಇನ್‌ಟೇಕ್ ಬದಲಿಸಿದ್ದರೆ ಆ ಸಾಮಾನಿಗೆ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಇಒ (ಎಕ್ಸಿಕ್ಯೂಟಿವ್ ಆರ್ಡರ್, ಅಂದರೆ ಒಪ್ಪಿಗೆ) ನಂಬರ್ ಇರಬೇಕು. ಆ ನಂಬರ್ ನಿಮ್ಮ ಕಾರಿನ ಮಾಡೆಲ್ ವರ್ಷಕ್ಕೆ ಒಪ್ಪುತ್ತದಾ ಅಂತ ಬೋರ್ಡಿನ ವೆಬ್‌ಸೈಟಿನಲ್ಲಿ ಹುಡುಕಿ, ಆಮೇಲೆ ದುಡ್ಡು ಕೊಡಿ. ನಾನು ನಂಬರ್ ಇರುವ ಪೈಪನ್ನೇ ಕಾದು ತೆಗೆದುಕೊಂಡೆ, ಸ್ಟಿಕರನ್ನು ಬಾನೆಟ್ ಕೆಳಗೆ ಕಾಣುವ ಜಾಗದಲ್ಲಿ ಅಂಟಿಸಿದ್ದೇನೆ. ಬೇರೆ ಊರಿನವರು ಅಲ್ಲಿಯ ನಿಯಮ ವಿಚಾರಿಸಿಯೇ ಮುಂದುವರಿಯಿರಿ.

ಕೆಲಸ ಮುಗಿದ ಭಾನುವಾರ ನೈಲ್ಸ್ ಕ್ಯಾನ್ಯನ್ ಕಡೆ ಹೋದೆ. ಒಂದು ಪಕ್ಕ ಬಂಡೆ, ಒಂದು ಪಕ್ಕ ತೊರೆ. ಕಿಟಕಿ ಇಳಿಸಿ ಎರಡನೇ ಗೇರಿಗೆ ತಂದು ಕಾಲು ಒತ್ತಿದೆ. ಬಂಡೆಗೆ ಬಡಿದು ವಾಪಸ್ ಬಂತು ಆ ಸದ್ದು. ಮೊದಲು ಎದೆಯಿಂದ ಬರುವ ಗುರ್ ಅನ್ನುವ ಸದ್ದು, 5000ದ ಹತ್ತಿರ ಗಂಟಲು ಬಿಚ್ಚಿ ಹಾಡಿದ ಹಾಗೆ. ಕಾಲು ತೆಗೆದ ತಕ್ಷಣ ಮೌನ, ತೊರೆಯ ಸದ್ದು ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಮುಂದಿನ ತಿರುವು ಕಳೆದ ಮೇಲೆ, “ರೀ, ಇನ್ನೊಂದ್ ಸಲ ಮಾಡಿ” ಅಂದಳು.

500 ಮೈಲಿ ಓಡಿದ ಮೇಲೆ ಕ್ಲಾಂಪ್‌ಗಳನ್ನು ಇನ್ನೊಮ್ಮೆ ನೋಡಿ. ಸಿಲಿಕೋನ್ ಬಿಸಿಗೆ ಒಗ್ಗಿ ಸ್ವಲ್ಪ ಸಡಿಲ ಆಗಿರುತ್ತದೆ, ನನ್ನದು ಅರ್ಧ ಸುತ್ತು ಬಿಗಿಯಾಯಿತು. ಕಂಪನಿಯ ಹಳೆ ಪೈಪ್ ಎಸೆಯಬೇಡಿ. ಅದರ ಕ್ಲಾಂಪ್‌ಗಳನ್ನು ಅದಕ್ಕೇ ಸಿಕ್ಕಿಸಿ, ಎರಡೂ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ರಟ್ಟಿನ ಡಬ್ಬದಲ್ಲಿ ಹಾಕಿ ಮೇಲೆ ಕಾರಿನ ಹೆಸರು, ತಾರೀಖು ಬರೆದಿಡಿ. ನನ್ನದು ಗ್ಯಾರೇಜಿನ ಮೇಲಿನ ಹಲಗೆಯಲ್ಲಿದೆ.