ಎರಡು ಹಾಲಿನ ಹೊತ್ತಿನ ನಡುವೆ ಒಂದು ಹರಗೋಲು

ಹುಬ್ಬಳ್ಳಿಯಲ್ಲಿ ನೌಕರಿ, ತುಂಗಭದ್ರೆಯ ಹೊಳೆಸಾಲಿನ ಊರಿನಲ್ಲಿ ಎರಡೂವರೆ ಎಕರೆ ಎರೆಹೊಲ, ಕೊಟ್ಟಿಗೆಯಲ್ಲಿ ಒಂದು ಎಮ್ಮೆ, ಒಂದು ಆಕಳು. ಹೀಗೆ ಎರಡು ಕಡೆ ಬದುಕು ಹಂಚಿಕೊಂಡ ಮನೆಗಳು ಹಾವೇರಿ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ನಮ್ಮದೂ ಅಂಥದೇ. ವಾರವೆಲ್ಲ ಅವ್ವ ಒಬ್ಬಳೇ ಎಳೆಯುವ ಕೆಲಸಕ್ಕೆ ಶನಿವಾರ ಸಂಜೆ ನಾವು ಹೆಗಲು ಕೊಡುತ್ತೇವೆ. ಭಾನುವಾರ ಮಕ್ಕಳಿಗೆ ಹೊಳೆ ಬೇಕು, ಹರಗೋಲಿನಲ್ಲಿ, ಅಂದರೆ ಬಿದಿರು ಹೆಣೆದ ದುಂಡನೆಯ ತೆಪ್ಪದಲ್ಲಿ, ಒಂದು ಸುತ್ತು ಬೇಕು. ಎರಡನ್ನೂ ಹೊಂದಿಸಬಹುದು. ಆದರೆ ಲೆಕ್ಕ ಶುರುವಾಗುವುದು ಹೊಳೆಯ ದಂಡೆಯಲ್ಲಲ್ಲ, ಕೊಟ್ಟಿಗೆಯಲ್ಲಿ. ಬೆಳಗಿನ ಹಾಲು ಹಿಂಡಿದ ಮೇಲೆ ಸಂಜೆಯ ಹಾಲಿನವರೆಗೆ ಎಷ್ಟು ಹೊತ್ತು ಸಿಗುತ್ತದೆಯೋ ಅಷ್ಟೇ ನಿಮ್ಮ ವಿಹಾರ.

ಕಾಲುವೆ ಬೇಡ, ಏಕೆಂದರೆ

ತುಂಗಾ ಮೇಲ್ದಂಡೆ ಕಾಲುವೆಯಲ್ಲಿ ನೀರು ತುಂಬಿ ಹರಿಯುವುದನ್ನು ಕಂಡ ಮಕ್ಕಳು ಮೊದಲು ಕೇಳುವುದು ಅಲ್ಲೇ ಏಕೆ ತೇಲಬಾರದು ಎಂದು. ಇಂಗ್ಲೆಂಡಿನಲ್ಲಿ ಜನರು ಕಾಲುವೆಗಳಲ್ಲಿ ದೋಣಿ ನಡೆಸಿ ರಜೆ ಕಳೆಯುವ ವಿಡಿಯೊಗಳನ್ನು ಅವರು ಮೊಬೈಲಿನಲ್ಲಿ ನೋಡಿರುತ್ತಾರೆ. ಆ ಕಾಲುವೆಗಳನ್ನು ತೋಡಿದ್ದೇ ಕಲ್ಲಿದ್ದಲು, ಸರಕು ಸಾಗಿಸುವ ದೋಣಿಗಳಿಗಾಗಿ. ಅಲ್ಲಿ ನೀರು ಹೆಚ್ಚುಕಡಿಮೆ ನಿಂತಿರುತ್ತದೆ. ಏರಿಳಿತ ಬಂದಲ್ಲಿ ಬಾಗಿಲುಗಳ ನಡುವೆ ನೀರು ತುಂಬಿಸಿ ಅಥವಾ ಇಳಿಸಿ ದೋಣಿಯನ್ನು ದಾಟಿಸುತ್ತಾರೆ. ನಮ್ಮ ಕಾಲುವೆ ಇರುವುದು ಹೊಲಕ್ಕೆ ನೀರು ಮುಟ್ಟಿಸಲು. ಇಳಿಜಾರೇ ಅದರ ಜೀವ. ಎರಡೂ ಬದಿಯ ಸಿಮೆಂಟಿನ ಮೇಲೆ ಪಾಚಿ ಕಟ್ಟಿರುತ್ತದೆ, ಜಾರಿದವರಿಗೆ ಹಿಡಿಯಲು ಒಂದು ಹುಲ್ಲುಗರಿಯೂ ಸಿಗುವುದಿಲ್ಲ. ಹಳ್ಳ ಅಡ್ಡ ಬಂದಲ್ಲಿ ಕೆಲವು ಕಡೆ ನೀರು ನೆಲದಡಿಯ ಕೊಳವೆಗೆ ನುಗ್ಗುತ್ತದೆ. ಈಜು ಬಲ್ಲವರೂ ಅಲ್ಲಿಂದ ಹೊರಬರಲಾರರು. ಮಕ್ಕಳಿಗೆ ಇದನ್ನು ಗದರಿಸಿ ಅಲ್ಲ, ದೂರದಲ್ಲಿ ನಿಲ್ಲಿಸಿ ತೋರಿಸಿ ಹೇಳಿ.

ಶನಿವಾರ ಸಂಜೆಯ ಕೆಲಸ

ಮಳೆಗಾಲದ ಹೊಳೆಯನ್ನು ದಂಡೆಯಿಂದ ನೋಡಿದರೆ ಸಾಕು. ಹಿಂಗಾರಿಯ ಬಿಳಿಜೋಳ ಮೊಣಕಾಲೆತ್ತರ ದಾಟಿದ ಮೇಲೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ, ನೀರು ಇಳಿದು ತಿಳಿಯಾಗಿರುತ್ತದೆ. ಜೋಳಕ್ಕೂ ಕಡಲೆಗೂ ಆಗ ಎರೆಯ ತೇವವೇ ಸಾಕಾಗುತ್ತದೆ. ಕಾಯಿಪಲ್ಯದ ಪಟ್ಟಿಗೆ ಮಾತ್ರ ನೀರು ಹಾಯಿಸಬೇಕು. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟ್ ಯಾವ ಪಾಳಿಯಲ್ಲಿ ಬರುತ್ತದೆ ಎಂದು ಕೇಳಿಕೊಂಡು ಆ ಕೆಲಸವನ್ನು ಶನಿವಾರವೇ ಮುಗಿಸಿ.

ರಾತ್ರಿಯೇ ಕಣಿಕೆ ಕತ್ತರಿಸಿ ಗೋದಲಿಯ ಪಕ್ಕ ರಾಶಿ ಹಾಕಿ, ನೀರಿನ ತೊಟ್ಟಿ ತುಂಬಿಸಿ. ಮಧ್ಯಾಹ್ನ ಒಮ್ಮೆ ಮೇವು ಎಳೆದುಹಾಕಲು ನೆರೆಮನೆಯ ಅಕ್ಕನಿಗೆ ಹೇಳಿಡಿ. ನಾವು ಅವರ ಮನೆಯ ಮದುವೆಯ ದಿನ ಅವರ ದನಗಳನ್ನು ನೋಡಿಕೊಂಡಿದ್ದೆವು. ಇಂಥ ಕೊಡುಕೊಳ್ಳುವಿಕೆ ಇಲ್ಲದೆ ಹೈನದ ಮನೆಯಿಂದ ಅರ್ಧ ದಿನ ಹೊರಗೆ ಹೋಗಲು ಆಗುವುದಿಲ್ಲ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಾಕು.

ಅಂಬಿಗರ ಮಾತೇ ಮೊದಲು

ಹರಗೋಲನ್ನು ನೀವೇ ತಳ್ಳಿಕೊಂಡು ಹೋಗಬೇಡಿ. ಆ ನೀರಿನಲ್ಲಿ ದಿನವೂ ಬಲೆ ಬಿಡುವ ಮೀನುಗಾರರನ್ನು ಮೊದಲೇ ಕಂಡು, ಒಂದು ದಿನದ ಕೂಲಿಗೆ ಕಡಿಮೆಯಿಲ್ಲದಂತೆ ಮಾತಾಡಿಕೊಳ್ಳಿ. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಮರಳು ತೆಗೆದ ಗುಂಡಿಗಳಿವೆ. ಯಾವ ಮಡುವಿನ ಕಡೆ ಹೋಗಬಾರದು ಎಂಬುದು ಅವರಿಗೇ ಗೊತ್ತು. ನಮ್ಮನ್ನು ಕರೆದೊಯ್ಯುವ ಕಾಕಾ ದಂಡೆಗೆ ಬಂದ ಕೂಡಲೇ ನೀರಿನ ಅಂಚಿಗೆ ಒಂದು ಕಡ್ಡಿ ಚುಚ್ಚುತ್ತಾರೆ. ಬೀಡಿ ಸೇದಿ ಮುಗಿಯುವಷ್ಟರಲ್ಲಿ ಕಡ್ಡಿಯ ಬುಡ ಮುಳುಗಿದ್ದರೆ ಮೇಲಿನಿಂದ ನೀರು ಬರುತ್ತಿದೆ ಎಂದರ್ಥ. ನೀರು ಕೆಂಪಾಗಿ, ಕಸಕಡ್ಡಿ ತೇಲಿಬರುತ್ತಿದ್ದರೂ ಅದೇ ಅರ್ಥ. ಆ ದಿನ ದಂಡೆಯಲ್ಲೇ ಬುತ್ತಿ ಬಿಚ್ಚಿ ಮನೆಗೆ ಮರಳಿ.

ಹರಗೋಲಿನ ಹೊರಮೈಯನ್ನು ಕೈಯಾಡಿಸಿ ನೋಡಿ. ಬಿದಿರಿನ ಹೆಣಿಗೆಯ ಮೇಲೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಡಾಂಬರು ಬಿರಿದಲ್ಲಿ ನೀರು ಜಿನುಗುತ್ತದೆ. ಆರೇಳು ಅಡಿ ಅಗಲದ್ದಾದರೆ ಹುಟ್ಟು ಹಾಕುವವರು ಸೇರಿ ನಾಲ್ವರು ಸಾಕು. ಲೈಫ್ ಜಾಕೆಟ್ ಎಲ್ಲರಿಗೂ ಬೇಕು, ಈಜು ಬಲ್ಲವರಿಗೂ. ಮಕ್ಕಳದ್ದು ಅವರ ಮೈಯಳತೆಯದೇ ಆಗಿರಲಿ. ದೊಡ್ಡವರದ್ದು ನೀರಿನಲ್ಲಿ ತಲೆಯ ಮೇಲಿಂದ ಜಾರಿಹೋಗುತ್ತದೆ.

ಹತ್ತುವಾಗ ಅಂಚು ತುಳಿಯಬೇಡಿ. ಒಬ್ಬೊಬ್ಬರಾಗಿ ನಟ್ಟನಡುವೆ ಕಾಲಿಟ್ಟು, ತಕ್ಷಣ ಕುಕ್ಕರಗಾಲಿನಲ್ಲಿ ಕುಳಿತು, ಆಮೇಲೆ ಎದುರುಬದುರಾಗಿ ಸರಿಯಿರಿ. ದಡ ಮುಟ್ಟಿ ಹರಗೋಲು ನಿಲ್ಲುವವರೆಗೆ ಯಾರೂ ಎದ್ದು ನಿಲ್ಲಬಾರದು.

ಹುಟ್ಟು ಹಾಕುವುದನ್ನು ಕಲಿಯುವ ಆಸೆ ಎಲ್ಲರಿಗೂ ಇರುತ್ತದೆ, ಕಲಿಯಲೇಬೇಕು ಕೂಡ. ದೋಣಿಯಂತೆ ಪಕ್ಕದಲ್ಲಿ ಹುಟ್ಟು ಹಾಕಿದರೆ ಹರಗೋಲು ಬುಗುರಿಯಂತೆ ನಿಂತಲ್ಲೇ ತಿರುಗುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಮಂಡಿಯೂರಿ, ಹುಟ್ಟನ್ನು ಮುಂದೆ ನೆಟ್ಟಗೆ ಇಳಿಸಿ, ನೀರಿನಲ್ಲಿ ಇಂಗ್ಲಿಷ್ 8ನ್ನು ಅಡ್ಡಲಾಗಿ ಬರೆಯುತ್ತಾ ನಿಮ್ಮ ಕಡೆಗೆ ಎಳೆದುಕೊಳ್ಳಿ. ಆಗ ಅದು ಸುಮ್ಮನೆ ಮುಂದಕ್ಕೆ ಬರುತ್ತದೆ. ನನ್ನ ಮಗಳಿಗೆ ಇದು ಮೂರನೆಯ ಭಾನುವಾರಕ್ಕೆ ಕೈಹತ್ತಿತು. ಅಂದಿನ ಅವಳ ಮುಖದ ಕಳೆಯನ್ನು ನಾನು ಮರೆಯಲಾರೆ.

ಮೊದಲು ದಂಡೆಯ ಪಕ್ಕದ ಮೆತ್ತನೆಯ ನೀರಿನಲ್ಲಿ ಹರಿವಿಗೆ ಎದುರಾಗಿ ಹೋಗಿ, ತೋಳು ಸೋತ ಮೇಲೆ ಹರಿವಿನೊಡನೆ ಮರಳಿ. ಬ್ಯಾರೇಜು, ಹೊಳೆಯ ನೀರನ್ನು ಪಂಪಿನಿಂದ ಎತ್ತುವ ಜಾಕ್‌ವೆಲ್‌ಗಳ ಹತ್ತಿರ ಸುಳಿಯಬೇಡಿ, ಹಾಸಿದ ಬಲೆಗಳ ಮೇಲೆ ಹಾಯಬೇಡಿ. ಚೌಡದಾನಪುರದ ಕಡೆ ಹೋದರೆ ಮುಕ್ತೇಶ್ವರ ದೇವಾಲಯದ ಶಿಖರವನ್ನು ಹೊಳೆಯ ಮೇಲಿನಿಂದಲೇ ನೋಡಬಹುದು. ವರದಾ ಬಂದು ತುಂಗಭದ್ರೆಯನ್ನು ಸೇರುವ ಗಳಗನಾಥದ ಸಂಗಮವನ್ನು ಮಾತ್ರ ದಂಡೆಯಿಂದಲೇ ನೋಡಿ, ಎರಡು ಹರಿವು ಕೂಡುವಲ್ಲಿ ಸುಳಿ ಹೆಚ್ಚು.

ಹನ್ನೊಂದರೊಳಗೆ ದಡಕ್ಕೆ

ಹೊತ್ತೇರಿದಂತೆ ಚಳಿಗಾಲದ ಮೂಡಲಗಾಳಿ ಬಲಿಯುತ್ತದೆ. ಹರಗೋಲಿನ ತಳ ಬಟ್ಟಲಿನಂತೆ ಇರುವುದರಿಂದ ಅದು ಗಾಳಿ ನೂಕಿದ ಕಡೆಗೇ ಹೋಗುತ್ತದೆ. ಒಂದು ಭಾನುವಾರ ಊಟವಾದ ಮೇಲೆ ಇನ್ನೊಂದು ಸುತ್ತು ಹೋಗೋಣ ಎಂದು ನಾನೇ ಹಟ ಹಿಡಿದೆ. ಗಾಳಿ ನಮ್ಮನ್ನು ಆಚೆ ದಡಕ್ಕೆ ತಳ್ಳಿತು. ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಅವ್ವ ಹೊಲದಿಂದ ಬಂದವಳು ಕೈನೋವಿನಲ್ಲೇ ಆಕಳಿನ ಹಾಲು ಹಿಂಡಿದ್ದಳು. ಎಮ್ಮೆಯ ಕೆಚ್ಚಲು ಬಿಗಿದು, ಮುಟ್ಟಲು ಹೋದರೆ ಒದೆಯುತ್ತಿತ್ತು. ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಹಾಲು ಇಳಿಸುವಷ್ಟರಲ್ಲಿ ಡೇರಿ ಮುಚ್ಚಿತ್ತು. ಅಂದಿನಿಂದ ಬೆಳಿಗ್ಗೆ ಏಳೂವರೆಗೆ ನೀರಿಗಿಳಿದು ಹನ್ನೊಂದರೊಳಗೆ ದಡ ಸೇರುತ್ತೇವೆ, ಊಟವನ್ನು ದಂಡೆಯ ಮರದ ನೆರಳಿನಲ್ಲಿ ಮಾಡುತ್ತೇವೆ.

ಹೊರಡುವ ಮುಂಚೆ ಹರಗೋಲನ್ನು ಎತ್ತಿ ಬೋರಲು ಹಾಕಲು ಕಾಕಾನಿಗೆ ಕೈಜೋಡಿಸಿ. ತಳದಲ್ಲಿ ನೀರು ನಿಂತರೆ ಬಿದಿರು ಕೊಳೆಯುತ್ತದೆ. ಜಾಕೆಟ್ಟುಗಳನ್ನು ಬಿಸಿಲಿಗೆ ಹಾಕದೆ ಪಡಸಾಲೆಯ ಹಗ್ಗದ ಮೇಲೆ ನೆರಳಿನಲ್ಲಿ ಒಣಗಿಸಿ. ಎಮ್ಮೆಗೆ ಹತ್ತಿಕಾಳಿನ ಹಿಂಡಿ ನೆನೆಯಿಟ್ಟು, ಒಂದು ನಿದ್ದೆ ತೆಗೆದು, ಐದೂವರೆಗೆ ಕೆಚ್ಚಲು ತೊಳೆದು ಕುಳಿತರೆ, ಹುಬ್ಬಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ.