ಗಿಟಾರ್ ಇಲ್ಲದ ಭಾಗ ಎರಡು

"ಗಿಟಾರ್ ಇಲ್ಲದ ಪ್ರೋಗ್ರೆಸಿವ್ ರಾಕ್ ಆಲ್ಬಂ ಯಾರು ಕೇಳ್ತಾರೋ? ಅದೂ ಎರಡನೇ ಭಾಗ!" ನಮ್ಮ ಡ್ರಮ್ಮರ್ ಕೊನೆವರೆಗೂ ಇದೇ ರಾಗ ಎಳೆದ. ಈಗ ಕಾರಲ್ಲಿ ಅದನ್ನೇ ಹಾಕಿಕೊಂಡು ಓಡಾಡುತ್ತಾನೆ.

ನನ್ನ ಮೊದಲ ಆಲ್ಬಂನಲ್ಲಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಒಬ್ಬ ಅಜ್ಜಿ ಮುಳುಗುವ ಊರು ಬಿಟ್ಟು ಹೊರಡುತ್ತಾಳೆ. ಎರಡನೆಯದರಲ್ಲಿ ಮೊಮ್ಮಗಳು ಬೇಸಿಗೆಯಲ್ಲಿ ಹಿರೇಭಾಸ್ಕರ ನೋಡಲು ಬರುತ್ತಾಳೆ. ಹೊಸ ಅಣೆಕಟ್ಟಿನ ನೀರಲ್ಲಿ ಮುಳುಗಿದ ಹಳೇ ಅಣೆಕಟ್ಟು ಅದು. ನೀರು ತೀರಾ ಇಳಿದರೆ ಮೇಲೆ ಕಾಣುತ್ತದೆ.

ಹಳೇ ಕಥೆ ನೆನಪಿಸಲು ನಿರೂಪಕ ಬೇಕೇ ಬೇಕು ಅಂದರು ಎಲ್ಲರೂ. ಇಂಗ್ಲಿಷ್ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ 1974ರ ತನ್ನ ಆಲ್ಬಂ ಕಥೆಯನ್ನು 1999ರಲ್ಲಿ ಮುಂದುವರಿಸಿದಾಗಲೂ ನಿರೂಪಕ ಇದ್ದ, ಸರಿ. ಆದರೆ ವೇಕ್‌ಮನ್ ಹಿಂದೆ ಆರ್ಕೆಸ್ಟ್ರಾ ಇತ್ತು. ನನ್ನ ಹತ್ತಿರ ಇದ್ದದ್ದು ಎರಡು ಕೀಬೋರ್ಡ್, ಒಂದು ಚಿಕ್ಕ ಅನಲಾಗ್ ಸಿಂತ್ (ವಿದ್ಯುತ್ ಸರ್ಕ್ಯೂಟಿಂದಲೇ ಸ್ವರ ಹುಟ್ಟಿಸುವ ಸಿಂಥಸೈಜರ್). ಹಾಗಾಗಿ ಟ್ಯೂನ್‌ಗಳೇ ಕಥೆ ಹೇಳಲಿ ಎಂದು ಹೊರಟೆ.

ಅಜ್ಜಿಯ ಟ್ಯೂನ್ ಇದ್ದ ಹಾಗೇ ಇಟ್ಟರೆ ರೀಮಿಕ್ಸ್ ಥರ ಕೇಳಿಸಿತು. ಶ್ರುತಿ ಬದಲಿಸಿದರೆ ಯಾರ ಗಮನಕ್ಕೂ ಬರಲಿಲ್ಲ. ಕೊನೆಗೆ ಸ್ವರ ಮುಟ್ಟದೆ, ನಾಲ್ಕು ಎಣಿಕೆಯ ತಾಳದಲ್ಲಿದ್ದದ್ದನ್ನು ಏಳು ಎಣಿಕೆಯ ಮಿಶ್ರ ಚಾಪಿಗೆ ತಂದೆ, ಎಡಗೈಯಲ್ಲಿ. ಕೊನೇ ಸ್ವರ ಮಾತ್ರ ನುಡಿಸದೇ ಬಿಟ್ಟೆ. ಅದು ಬರುವುದು ಕೊನೇ ಹಾಡಲ್ಲೇ. ಭಾಗ ಒಂದು ಕೇಳಿದವರು ಎರಡನೇ ಹಾಡಿಗೇ ಹಿಡಿದುಬಿಟ್ಟರು!

ಮುಖ್ಯ ರಿಫ್, ಅಂದರೆ ಮತ್ತೆ ಮತ್ತೆ ಬರುವ ಪುಟ್ಟ ಟ್ಯೂನ್, ಬಂದದ್ದು 1819ರಿಂದ. ಲಿಂಗನಮಕ್ಕಿಯ ಗರಿಷ್ಠ ಮಟ್ಟ ಅಷ್ಟು ಅಡಿ ಅಲ್ವಾ? ಒಂದೊಂದು ಅಂಕಿಗೆ ಒಂದೊಂದು ಸ್ವರ, ಒಂದು ಅಂದರೆ ಸ, ಎಂಟು ಅಂದರೆ ಮೇಲಿನ ಸ: ಸ, ಮೇಲಿನ ಸ, ಮತ್ತೆ ಸ, ಮೇಲಿನ ರಿ. ನೀರು ಏರಿದಂತೆ ಅದರ ವೇಗ ಹೇಗೆ ಏರಿಸಿದೆ ಅನ್ನೋದನ್ನು ಇಲ್ಲಿ ಹೇಳಲ್ಲ.

ಮೆಲೊಟ್ರಾನ್ ಅಂದರೆ ಒಂದೊಂದು ಕೀಗೂ ಒಂದೊಂದು ಟೇಪ್ ಓಡುವ ಹಳೇ ಕೀಬೋರ್ಡ್. ನನ್ನದು ಅದನ್ನು ಅನುಕರಿಸುವ ಕಂಪ್ಯೂಟರ್ ಪ್ಲಗಿನ್ ಆದರೂ ಒಂದು ಕಟ್ಟುಪಾಡು ಹಾಕಿಕೊಂಡೆ: ಯಾವ ಕಾರ್ಡೂ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಎಂಟು ಸೆಕೆಂಡ್ ದಾಟಬಾರದು. ಅಸಲಿ ಯಂತ್ರದ ಟೇಪ್ ಅಷ್ಟಕ್ಕೇ ಮುಗಿಯುತ್ತದೆ. ಟೇಪ್ ಮುಗಿಯೋ ಮೊದಲು ಬೆರಳು ಬದಲಿಸಲೇಬೇಕು, ಆಗ ಹಾಡು ಉಸಿರಾಡುತ್ತದೆ. ಸಿಂತ್ ಕಥೆ ಬೇರೆ. ನಮ್ಮ ಮನೆಗೆ ಶೀಟ್ ಚಾವಣಿ, ಮಧ್ಯಾಹ್ನದ ಸೆಕೆಗೆ ಶ್ರುತಿ ಜಾರುತ್ತಿತ್ತು. ಅರ್ಧ ಗಂಟೆ ಆನ್ ಮಾಡಿಟ್ಟು, ರಾತ್ರಿ ಹನ್ನೊಂದರ ಮೇಲೆ ರೆಕಾರ್ಡ್ ಮಾಡುತ್ತಿದ್ದೆ.

ಮಧ್ಯೆ ಒಂದು ಹುಚ್ಚು. ಹಳೇ ಹಾರ್ಮೋನಿಯಂ ಮುಂದೆ ಮೈಕ್ ಇಟ್ಟು, ಸದ್ದು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್‌ಗೆ ಹಾಕಿದೆ. ಸ್ವರಕ್ಕಿಂತ ತಿದಿಯ ಗಾಳಿ, ಕೀಗಳ ಟಕಟಕ ಸದ್ದೇ ಜಾಸ್ತಿ. ಸ್ವರ ಕತ್ತರಿಸಿ ಗಾಳಿ ಮಾತ್ರ ಉಳಿಸಿಕೊಂಡೆ. ಅಣೆಕಟ್ಟಿನ ಹಾಡಲ್ಲಿ ಮೂರು ನಿಮಿಷ ಅದೇ ಇದೆ, ಎಲ್ಲರೂ ಸಮುದ್ರ ಅಂದುಕೊಂಡಿದ್ದಾರೆ.

ದುಡ್ಡು ತಿಂದದ್ದು ಡ್ರಮ್ಸ್, ಎಪ್ಪತ್ತು ಸಾವಿರದ ಹತ್ತಿರ. ಮೊದಲ ಮಿಕ್ಸ್ ಮಾಡಿದವರು ಕೀಬೋರ್ಡನ್ನೆಲ್ಲ ಹಾಡಿನ ಹಿಂದೆ ಮಂಜಿನಂತೆ ಹರಡಿದರು. ಇಪ್ಪತ್ತೈದು ಸಾವಿರ ನೀರಲ್ಲಿ ಹೋಮ. ಆಮೇಲೆ ಆರ್ಗನ್ನನ್ನು ಬಾಡಿಗೆ ಗಿಟಾರ್ ಆಂಪ್‌ಗೆ ಹಾಕಿ, ಎಡಕ್ಕೆ ಪೂರ್ತಿ ಸರಿಸಿ, ನಾನೇ ಮಿಕ್ಸ್ ಮಾಡಿದೆ. ಗಿಟಾರ್ ಎಲ್ಲಿ ಅಂತ ಆಮೇಲೆ ಯಾರೂ ಕೇಳಲಿಲ್ಲ.

ಒಟ್ಟು ಒಂದೂಮುಕ್ಕಾಲು ಲಕ್ಷ ಹೋಗಿರಬಹುದು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂತು, ಹೆಚ್ಚುಕಮ್ಮಿ ಎಲ್ಲ ಶೋಗಳಿಂದಲೇ. ಸ್ಟ್ರೀಮಿಂಗ್ ದುಡ್ಡಲ್ಲಿ ಒಂದು ಕೇಬಲ್ ತಗೊಂಡೆ.