ಬಾಟಲಿಯ ಮಧುನಾಶಿನಿ ಕುಂಡದಲ್ಲಿ ಬದುಕಿತು

ತುಮಕೂರಿನ ನಮ್ಮ ಪುಟ್ಟ ಲ್ಯಾಬ್‌ನಲ್ಲಿ ಅಂಗಾಂಶ ಕೃಷಿಯಿಂದ, ಅಂದರೆ ಗಿಡದ ಚಿಕ್ಕ ತುಂಡನ್ನು ಬಾಟಲಿಯಲ್ಲಿಟ್ಟು ಸಸಿ ಮಾಡುವ ವಿಧಾನದಿಂದ, ಮಧುನಾಶಿನಿ ಎಂಬ ಔಷಧಿ ಬಳ್ಳಿ ಬೆಳೆಸುತ್ತೇವೆ. ಬಾಟಲಿಯಲ್ಲಿ ಚೆನ್ನಾಗಿ ಬೇರು ಬಿಟ್ಟ ಸಸಿ, ಕುಂಡಕ್ಕೆ ನೆಟ್ಟ ಮೂರೇ ದಿನಕ್ಕೆ ಬಾಡುತ್ತಿತ್ತು. ನೀರು ಜಾಸ್ತಿ ಹಾಕಿದೆ. ಬುಡವೇ ಕೊಳೆಯಿತು. ತುಂಬಾ ಬೇಜಾರಾಯಿತು.

ಬಾಟಲಿಯೊಳಗೆ ತೇವ ಶೇ. 100ರ ಹತ್ತಿರ ಇರುತ್ತದೆ. ಹಾಗಾಗಿ ಎಲೆಯ ಮೇಲೆ ಮೇಣದ ಪದರ ಸರಿಯಾಗಿ ಬೆಳೆಯುವುದಿಲ್ಲ, ಎಲೆಯ ರಂಧ್ರಗಳೂ ಪೂರ್ತಿ ಮುಚ್ಚುವುದಿಲ್ಲ. ಹೊರಗಿನ ಒಣಗಾಳಿಗೆ ಎಲೆಯ ನೀರೆಲ್ಲ ಆರಿಹೋಗುತ್ತದೆ. ಜೊತೆಗೆ ಬೇರಿಗೆ ಅಂಟಿದ ಅಗರ್, ಅಂದರೆ ಬಾಟಲಿಯಲ್ಲಿ ಸಸಿ ಬೆಳೆಯುವ ಜೆಲ್ಲಿ. ಅದರಲ್ಲಿ ಸಕ್ಕರೆ ಇರುತ್ತದೆ, ಬೂಷ್ಟು ಬರದೆ ಇರುತ್ತಾ?

ಈಗ ಬೇರನ್ನು ಉಗುರುಬೆಚ್ಚಗಿನ ನೀರಲ್ಲಿ ನಿಧಾನವಾಗಿ ತೊಳೆಯುತ್ತೇನೆ. ತೆಂಗಿನ ನಾರಿನ ಪುಡಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ ಅಲ್ವಾ, ಅದನ್ನೂ ಉಪ್ಪಿನಂಶ ಹೋಗುವಂತೆ ಮೂರು ಸಲ ತೊಳೆದು, ಅದರಲ್ಲೇ ನೆಡುತ್ತೇನೆ. ಮೇಲೆ ಪ್ಲಾಸ್ಟಿಕ್ ಲೋಟ ಬೋರಲು ಹಾಕಿ ನೆರಳಲ್ಲಿಡುತ್ತೇನೆ. ವಾರದ ನಂತರ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಲೋಟ ತೆಗೆಯುತ್ತೇನೆ. ಕಳೆದ ಸಲ 40ರಲ್ಲಿ 31 ಸಸಿ ಚಿಗುರಿದವು.